ಗಡ್ಡದ ಸ್ತ್ರೀವೇಷವೂ ಪ್ರವೇಶದರವೂ

ರೂಢಿಯ ಸಮಾಜಕ್ಕೆ ಇದಿರುಬಿದ್ದ ವೇಷಧಾರಿ ಮಂಡಳಿಗಳಲ್ಲಿ ಅಮೆರಿಕೆಯ ಸಾನ್ ಫ್ರಾನ್ಸಿಸ್ಕೋ ನಗರದ 'ಕಾಕೆಟ್ಸ್' ತಂಡದ ಇತಿಹಾಸವು ವಾಚಕರ ಲಕ್ಷ್ಯಕ್ಕೆ ಅರ್ಹವಾದುದು. 1969ರ ಡಿಸೆಂಬರ್ 31ರ ರಾತ್ರಿ ಅಲ್ಲಿನ ಪ್ಯಾಲೇಸ್ ಚಿತ್ರಮಂದಿರದ ರಂಗದ ಮೇಲೆ ಇವರು ಮೊದಲು ಕುಣಿದರು. ಪುರುಷರು ಲಂಗ ತೊಟ್ಟು, ಕೆನ್ನೆಗೆ ಬಣ್ಣ ಬಳಿದು, ಗಡ್ಡಕ್ಕೆ ಮಿನುಗುಪುಡಿ ಉದುರಿಸಿಕೊಂಡಿದ್ದರು; ಸ್ತ್ರೀಯರೂ ತಂಡದಲ್ಲಿದ್ದರು. ನಮ್ಮ ಯಕ್ಷಗಾನದ ಸ್ತ್ರೀವೇಷಧಾರಿಯು ತನ್ನ ಪುರುಷತ್ವವನ್ನು ಪ್ರೇಕ್ಷಕನು ಮರೆಯುವಂತೆ ಶ್ರಮಿಸುತ್ತಾನೆ. ಇವರಾದರೋ ಮರೆಯಗೊಡಬಾರದೆಂದೇ ಗಡ್ಡವನ್ನುಳಿಸಿಕೊಂಡರು. ಇದು ಬರಿಯ ಚೇಷ್ಟೆಯಲ್ಲ. ಅನ್ಯಲಿಂಗದ ಉಡುಪಿನಲ್ಲಿ ಬೀದಿಗೆ ಬರುವುದು ಅಪರಾಧವೆಂದು 1863ರಲ್ಲಿ ವಿಧಿಸಿದ ಶಾಸನವು ಆ ನಗರದಲ್ಲಿ 1974ರ ವರೆಗೂ ಜಾರಿಯಲ್ಲಿದ್ದಿತು. 1971ರಲ್ಲಿ ರಾಷ್ಟ್ರಾಧ್ಯಕ್ಷ ನಿಕ್ಸನ್ನರ ಪುತ್ರಿಯ ವಿವಾಹವನ್ನು ಅಣಕಿಸಿ ಇವರು ಚಲಚ್ಚಿತ್ರವನ್ನೂ ತೆಗೆದರು.

ಮಂಡಳಿಯ ಮೂಲಪುರುಷ ಜಾರ್ಜ್ ಹ್ಯಾರಿಸ್. 1967ರಲ್ಲಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಪೆಂಟಗನ್ ಸೇನಾಕಚೇರಿಯ ಮುಂದೆ ಬಂದೂಕಿನ ನಳಿಗೆಗಳಲ್ಲಿ ಹೂವಿಡುತ್ತಿರುವ ತರುಣನ ಛಾಯಾಚಿತ್ರವು ಲೋಕಪ್ರಸಿದ್ಧ; ಆ ತರುಣನು ಈತನೇ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಬಳಿಕ ಈತನು 'ಹೈಬಿಸ್ಕಸ್', ಎಂದರೆ ದಾಸವಾಳ, ಎಂಬ ಹೆಸರು ತಳೆದು 'ಕಲಿಫ್ಲವರ್' ಎಂಬ ಸಾಮೂಹಿಕ ನಿವಾಸವನ್ನು ಸೇರಿದನು. ಆ ಹೆಸರಿನ ಮೊದಲರ್ಧ ನಮ್ಮ ಕಲಿಯುಗದ್ದೇ! ಮಾರದೆ ಹಂಚುವುದು ಆ ನಿವಾಸದ ವ್ರತ. ಚಿತ್ರಮಂದಿರದವರು ಪ್ರವೇಶದರ ವಸೂಲು ಮಾಡುತ್ತಿದ್ದರೂ, ಪ್ರದರ್ಶನವು ಎಲ್ಲರಿಗೂ ಉಚಿತವಾಗಿರತಕ್ಕುದೆಂದು ಈತನ ಹಠ. ಇತರರಿಗೆ ಸಂಭಾವನೆ ಬೇಕಾಗಿತ್ತು. ಅದು ಅನ್ಯಾಯವೆಂದು ನಾವೆನ್ನಲಾರೆವು; ಕಾಸಿಗೆ ಪತ್ರಿಕೆ ಮಾರುವವರ ಬಾಯಲ್ಲಿ ಆ ಮಾತು ಶೋಭಿಸದು. 1971ರಲ್ಲಿ ತಂಡವೊಡೆಯಿತು. ಹ್ಯಾರಿಸನು 'ಏಂಜಲ್ಸ್ ಆಫ್ ಲೈಟ್' ಎಂಬ ಬೇರೆ ತಂಡವನ್ನು ಕಟ್ಟಿ ಉಚಿತವಾಗಿಯೇ ಆಡಿದನು.

ಉಳಿದವರು ಆ ನವೆಂಬರಿನಲ್ಲಿ ನ್ಯೂಯಾರ್ಕಿನ ಆಂಡರ್ಸನ್ ರಂಗಮಂದಿರಕ್ಕೆ ಹೋದರು. ಗಣ್ಯರೆಲ್ಲ ನೆರೆದರು, ಪ್ರಥಮ ರಾತ್ರಿಯೇ ಸೋಲಾಯಿತು. ಸಿದ್ಧತೆಯಿಲ್ಲವೆಂಬ ದೂರು ಸುಳ್ಳಲ್ಲ. ಆದರೆ ಸ್ವಂತ ಊರಿನಲ್ಲಿ ಪ್ರೇಕ್ಷಕರೂ ವೇಷ ಕಟ್ಟಿಕೊಂಡು ಬರುತ್ತಿದ್ದರು, ತಪ್ಪಿದ ಹೆಜ್ಜೆಗೂ ಹರ್ಷಿಸುತ್ತಿದ್ದರು. ನ್ಯೂಯಾರ್ಕಿನವರು ಕೊಟ್ಟ ಹಣಕ್ಕೆ ತಕ್ಕ ಸರಕನ್ನು ಕೇಳಿದರು. ಉತ್ಸವವನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ ಹಗುರವೆಂದ ಈ ತೀರ್ಪನ್ನು ನಾವು ಒಪ್ಪೆವು. ಒಪ್ಪಿದ್ದರೆ ಅದೇ ಬಗೆಯ ತಂಡಗಳು ಮತ್ತೆ ಹುಟ್ಟುತ್ತಿರಲಿಲ್ಲ. 1972ರಲ್ಲಿ ಕಾಕೆಟ್ಸ್ ಮುಗಿಯಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿಯೇ 'ಹಾಟ್ ಪೀಚಸ್', 1977ರಲ್ಲಿ ಲಂಡನ್ನಿನಲ್ಲಿ 'ಬ್ಲೂಲಿಪ್ಸ್' ತಲೆಯೆತ್ತಿದುವು. ಹ್ಯಾರಿಸನು 1982ರಲ್ಲಿ ಏಡ್ಸ್ ರೋಗದಿಂದ ತೀರಿಕೊಂಡನು. ಆಗ ಆತನಿಗೆ 32 ವರ್ಷ.