ಕಾಲೇಜಿಗೆ ಬೀಗ ಬೀಳುವ ಮೊದಲೇ ಆಗಬೇಕಾದ ಕೆಲಸ

2020ರ ಮಾರ್ಚ್ ಮೂರನೇ ವಾರದಲ್ಲಿ ಆಂಧ್ರಪ್ರದೇಶದ ಕಾಲೇಜುಗಳಿಗೆ ಬೀಗ ಬಿತ್ತು. ಅವು ಮತ್ತೆ ತೆರೆಯಲು ಶುರುವಾದದ್ದು ನವೆಂಬರ್ 2ರಂದು, ಅದೂ ಹಂತ ಹಂತವಾಗಿ. ಲಾಕ್‌ಡೌನಿನ ಮೊದಲ ವಾರಗಳಲ್ಲೇ ಆಗಿನ ಅನಂತಪುರ ಜಿಲ್ಲೆಯ ಕೋವಿಡ್ ಹಾಟ್‌ಸ್ಪಾಟ್ ಎನಿಸಿಕೊಂಡದ್ದು ಹಿಂದೂಪುರ. ಅಲ್ಲಿನ ಪದವಿ ಕಾಲೇಜುಗಳಿಗೆ ಪರಿಗಿ, ಲೇಪಾಕ್ಷಿ, ಚಿಲಮತ್ತೂರು ಕಡೆಯಿಂದ ಬಸ್ಸು, ಆಟೊ ಹಿಡಿದು ಬರುತ್ತಿದ್ದ ಮಕ್ಕಳಿಗೆ ಇನ್ನು ಪಾಠವೆಲ್ಲ ಆನ್‌ಲೈನ್ ಎಂದು ಹೇಳಲಾಯಿತು. ಕೇಳಲು ಸುಲಭವಾಗಿತ್ತು.

ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಅಂಕಿಅಂಶ ಕೋವಿಡ್ ಬರುವ ಮೊದಲೇ, 2019ರ ನವೆಂಬರಿನಲ್ಲಿ ಹೊರಬಂದಿತ್ತು. ಅದರ ಪ್ರಕಾರ 2017-18ರಲ್ಲಿ ಕಂಪ್ಯೂಟರ್ ಇದ್ದ ಗ್ರಾಮೀಣ ಮನೆಗಳು ದೇಶದಲ್ಲಿ ನೂರಕ್ಕೆ 4.4 ಮಾತ್ರ, ಇಂಟರ್ನೆಟ್ ಸೌಲಭ್ಯ ಇದ್ದವು 14.9. ಅಗ್ಗದ ಡೇಟಾ ಬಂದ ಮೇಲೆ ಹಳ್ಳಿಗಳಲ್ಲಿ ಮೊಬೈಲ್ ಹೆಚ್ಚಿರುವುದು ನಿಜ. ಆದರೆ ಮನೆಗೊಂದು ಸ್ಮಾರ್ಟ್‌ಫೋನ್ ಇದ್ದರೆ ಅದು ಸಾಮಾನ್ಯವಾಗಿ ಅಪ್ಪನ ಕೈಯಲ್ಲೋ ಅಣ್ಣನ ಜೇಬಿನಲ್ಲೋ ಇರುತ್ತದೆ. ಬೆಳಿಗ್ಗೆ ಹತ್ತರ ತರಗತಿಯ ಹೊತ್ತಿಗೆ ಅದು ಹೊಲಕ್ಕೋ ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಗೋ ಹೋಗಿರುತ್ತದೆ.

ಲೆಕ್ಕ ಹಾಕಿ ನೋಡಿದರೆ ಎಡವಟ್ಟು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಒಂದು ಗಂಟೆಯ ವಿಡಿಯೊ ತರಗತಿ ಸುಮಾರು ಅರ್ಧದಿಂದ ಒಂದು ಜಿಬಿ ಡೇಟಾ ನುಂಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಂಡವರಿಗೆ ಎರಡು ಮೂರು ಪಿರಿಯಡ್ಡಿಗೇ ಅದು ಖಾಲಿ. ಅದೇ ಪಾಠವನ್ನು 32 ಕೆಬಿಪಿಎಸ್ ಗುಣಮಟ್ಟದ ಧ್ವನಿಮುದ್ರಣವಾಗಿ ಕಳಿಸಿದರೆ ಬೇಕಾಗುವುದು 15 ಎಂಬಿಗೂ ಕಡಿಮೆ. ಜೊತೆಗೆ ನಾಲ್ಕು ಪುಟದ ಟಿಪ್ಪಣಿ ಇದ್ದರೆ, ಸಿಗ್ನಲ್ ಸಿಕ್ಕ ಹೊತ್ತಿನಲ್ಲಿ ಇಳಿಸಿಕೊಂಡು ರಾತ್ರಿ ಕೇಳಬಹುದು. ಹೀಗಿದ್ದೂ ಹೆಚ್ಚಿನ ಕಾಲೇಜುಗಳು ಹಿಡಿದದ್ದು ನೇರಪ್ರಸಾರದ ಹಾದಿಯನ್ನೇ. ವೇಳಾಪಟ್ಟಿ, ಹಾಜರಿ ಎರಡೂ ಹಳೆಯ ಕ್ರಮದಲ್ಲೇ ಉಳಿಯುತ್ತವೆ ಎಂಬ ಅನುಕೂಲ ಆಡಳಿತಕ್ಕಿತ್ತು, ವಿದ್ಯಾರ್ಥಿಗಲ್ಲ.

ಕರ್ನಾಟಕದ ಗಡಿಯಲ್ಲಿ ಇನ್ನೊಂದು ತೊಡಕೂ ಉಂಟು. ಮಡಕಶಿರ, ರಾಯದುರ್ಗ, ಕಲ್ಯಾಣದುರ್ಗದ ಕಡೆ ಮನೆಮಾತು ಕನ್ನಡವಾಗಿರುವ ಕುಟುಂಬಗಳಿವೆ. ಕನ್ನಡ ಮಾಧ್ಯಮದಲ್ಲಿ ಶಾಲೆ ಓದಿ ಬಂದ ಮಕ್ಕಳಿದ್ದಾರೆ. 2021-22ರಿಂದ ಆಂಧ್ರದ ಪದವಿ ತರಗತಿಗಳೆಲ್ಲ ಇಂಗ್ಲಿಷ್ ಮಾಧ್ಯಮವಾದವು. ತರಗತಿಯಲ್ಲಾದರೆ ಅರ್ಥವಾಗದ್ದನ್ನು ಪಕ್ಕದ ಬೆಂಚಿನ ಗೆಳತಿ ಕನ್ನಡದಲ್ಲೋ ತೆಲುಗಿನಲ್ಲೋ ಬಿಡಿಸಿ ಹೇಳುತ್ತಾಳೆ, ಮೇಷ್ಟ್ರು ಕಾರಿಡಾರಿನಲ್ಲಿ ಸಿಕ್ಕಾಗ ಎರಡು ಮಾತು ಸೇರಿಸುತ್ತಾರೆ. ಮೈಕ್ ಮ್ಯೂಟ್ ಮಾಡಿಕೊಂಡು ಕೂತ ಪರದೆಯ ಮುಂದೆ ಈ ಆಸರೆ ಇರುವುದಿಲ್ಲ. ಆದ್ದರಿಂದ ಆನ್‌ಲೈನ್ ಸಿದ್ಧತೆ ಎಂದರೆ ಪ್ರತಿ ಅಧ್ಯಾಯಕ್ಕೂ ಕನ್ನಡ, ತೆಲುಗಿನ ಕಿರು ವಿವರಣೆ ಧ್ವನಿಯಲ್ಲಿ ಸಿದ್ಧವಿರುವುದೂ ಸೇರಬೇಕು.

ಇಂಥ ಪಾಠ ಕಟ್ಟುವ ವಿದ್ಯೆಯನ್ನು ಹೊರಗಿನಿಂದ ತರಬೇಕಿಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಹುಟ್ಟಿದ್ದು 1982ರಲ್ಲಿ ಹೈದರಾಬಾದಿನಲ್ಲಿ. 1984ರ ಆಗಸ್ಟ್ 15ರಂದು ಯುಜಿಸಿ ದೂರದರ್ಶನದಲ್ಲಿ ಕಾಲೇಜು ಪಾಠಗಳ ಪ್ರಸಾರ ಆರಂಭಿಸಿತ್ತು. 2017ರಿಂದ ಸ್ವಯಂ ಪ್ರಭಾ ವಾಹಿನಿಗಳು ಉಪಗ್ರಹದ ಮೂಲಕ ಡೇಟಾ ಖರ್ಚಿಲ್ಲದೆ ಟಿ.ವಿ.ಗೆ ಪಾಠ ತಲುಪಿಸುತ್ತಿವೆ. ಗುರು ಎದುರಿಗಿಲ್ಲದಾಗ ವಿದ್ಯಾರ್ಥಿ ಒಬ್ಬನೇ ಓದಿಕೊಳ್ಳುವಂತೆ ಪಾಠ ಬರೆಯುವುದು ಹೇಗೆಂದು ತಿಳಿದವರು ದೂರಶಿಕ್ಷಣದವರು. ಸಾಮಾನ್ಯ ಕಾಲೇಜುಗಳು 2020ರಲ್ಲಿ ಅವರನ್ನು ಕೇಳಿದ್ದು ಕಡಿಮೆ.

ಸಾಧನ ಕೊಡುವುದೂ ಬೇಕು. ಕರ್ನಾಟಕ ಸರ್ಕಾರ 2021ರ ಜೂನ್‌ನಲ್ಲಿ ಸರ್ಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಲು ಮುಂದಾಯಿತು. ಒಳ್ಳೆಯ ಹೆಜ್ಜೆಯೇ, ಆದರೆ ಮೊದಲ ಲಾಕ್‌ಡೌನ್ ಮುಗಿದು ವರ್ಷ ಕಳೆದಿತ್ತು. ಅದೇ ತಿಂಗಳು ಸುಳ್ಯ ತಾಲ್ಲೂಕಿನಲ್ಲಿ ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ ಮಗಳು ಪಾಠ ಕೇಳುತ್ತಿದ್ದರೆ ತಂದೆ ಮಳೆಗೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾಡೆಲ್ಲ ನೋಡಿತು. ಕೈಗೆ ಟ್ಯಾಬ್ಲೆಟ್ ಬಂದರೂ ಸಿಗ್ನಲ್ ಬರಬೇಕಲ್ಲ.

ಕೋವಿಡ್ ಮುಗಿಯಿತು, ಇನ್ನೇಕೆ ಈ ಮಾತು ಎನ್ನುವವರು ಕೇರಳದ ಕೋಯಿಕ್ಕೋಡನ್ನು ನೋಡಬೇಕು. 2023ರ ಸೆಪ್ಟೆಂಬರಿನಲ್ಲಿ ನಿಫಾ ಸೋಂಕು ಕಾಣಿಸಿಕೊಂಡಾಗ ಆ ಇಡೀ ಜಿಲ್ಲೆಯ ಶಾಲೆ, ಕಾಲೇಜುಗಳು ಕೆಲವೇ ದಿನಗಳಲ್ಲಿ ಆನ್‌ಲೈನಿಗೆ ಹೊರಳಬೇಕಾಯಿತು. ಮುಂದಿನ ಸಲ ಅದು ಯಾವ ಜಿಲ್ಲೆಯೋ.

ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಾಗಲಿ, ತುಮಕೂರು ವಿಶ್ವವಿದ್ಯಾಲಯವಾಗಲಿ ಇಂಥ ಸಿದ್ಧತೆಗಾಗಿ ದೊಡ್ಡ ಬಜೆಟ್ಟಿಗೆ ಕಾಯಬೇಕಿಲ್ಲ. ಮುಂದಿನ ಪ್ರವೇಶದ ಅರ್ಜಿಯಲ್ಲೇ ನಾಲ್ಕು ಪ್ರಶ್ನೆ ಸೇರಿಸಲಿ: ಸ್ವಂತ ಫೋನ್ ಇದೆಯೇ, ಮನೆಯಲ್ಲಿ ಸಿಗ್ನಲ್ ಸಿಗುತ್ತದೆಯೇ, ಟಿ.ವಿ. ಇದೆಯೇ, ಓದಲು ಸುಲಭವಾದ ಭಾಷೆ ಯಾವುದು. ಉತ್ತರ ನೋಡಿಕೊಂಡು ಪ್ರತಿ ವಿಭಾಗ ಸೆಮಿಸ್ಟರಿಗೆ ಎರಡು ವಾರದ ಪಾಠವನ್ನು ಧ್ವನಿ, ಟಿಪ್ಪಣಿಗಳಲ್ಲಿ ಮಾಡಿಡಲಿ. ಏನೂ ಇಲ್ಲದವರಿಗೆ ಅಂಚೆಯಲ್ಲಿ ಮುದ್ರಿತ ಪ್ರತಿ ಹೋಗಲಿ. ಪ್ರಯೋಗಾಲಯದ ಕೆಲಸವನ್ನು ಪರದೆಗೆ ತುರುಕದೆ, ಬಾಗಿಲು ತೆರೆದ ಮೇಲೆ ಮಾಡಿಸುವ ದಿನಗಳನ್ನು ಈಗಲೇ ಗುರುತಿಸಿಡಲಿ. ವರ್ಷಕ್ಕೊಂದು ದಿನ ಬೀಗ ಹಾಕಿದಂತೆ ನಟಿಸಿ ಇದೆಲ್ಲ ಪರಿಗಿಯ ಕೊನೆಯ ವಿದ್ಯಾರ್ಥಿನಿಗೂ ತಲುಪುತ್ತದೆಯೇ ಎಂದು ಪರೀಕ್ಷಿಸಲಿ. ಈ ವರ್ಷದ ಅರ್ಜಿ ನಮೂನೆ ಅಚ್ಚಿಗೆ ಹೋಗುವ ಮೊದಲೇ ಕುಲಪತಿಗಳು ಇದನ್ನು ನಿರ್ಧರಿಸಬೇಕು.