ಬಾರಿಗಾಗಿ ರೂಮೋ, ರೂಮಿಗಾಗಿ ಬಾರೋ?

ಕಳಲೆ: ರಾತ್ರಿ ಒಂಬತ್ತಕ್ಕೆ ಅಂಗಡಿ ಬಾಗಿಲು ಎಳೆದು ಬೀಗ ಜಡಿದರೆ ಆಮೇಲೆ ಈ ಊರಲ್ಲಿ ಕೇಳಿಸುವುದು ನಾಯಿ ಬೊಗಳುವ ಸದ್ದು, ನಂಜನಗೂಡು ಕಡೆಯಿಂದ ಬರುವ ಒಂದೋ ಎರಡೋ ಬೈಕಿನ ಸದ್ದು ಅಷ್ಟೆ. ಲಕ್ಷ್ಮೀಕಾಂತಸ್ವಾಮಿ ಗುಡಿಯ ಬೀದಿ ಹತ್ತಕ್ಕೆಲ್ಲ ಮಲಗಿಬಿಡುತ್ತದೆ. ಹದಿನೆಂಟನೇ ಶತಮಾನದಲ್ಲಿ ಮೈಸೂರು ಸೀಮೆಯನ್ನೇ ಆಡಿಸಿದ ದಳವಾಯಿಗಳ ಊರು ಇದು ಅಂದರೆ ಈಗಿನ ಹುಡುಗರು ನಗುತ್ತಾರೆ. ಇಂಥ ಊರಿನ ಮನುಷ್ಯ ಸರಕು ತರಲೆಂದು ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಮೆಜೆಸ್ಟಿಕ್ಕಿನಲ್ಲಿ ಕೈಚೀಲ ಹಿಡಿದು ನಿಂತಾಗ, ನಾಲ್ಕು ಕಡೆಯಿಂದ ನಾಲ್ಕು ಜನ ತೋಳು ಹಿಡಿದು ಕೇಳುವುದು ಒಂದೇ ಮಾತು: ‘ಸಾರ್, ರೂಮ್ ಬೇಕಾ?’

ಬೇಕು. ಆದರೆ ಎಂಥದ್ದು, ಎಲ್ಲಿ, ಎಷ್ಟಕ್ಕೆ? ಅಲ್ಲೇ ಇರುವುದು ತೊಡಕು.

ಹೊಸ ಎಕ್ಸ್‌ಪ್ರೆಸ್ ಹೈವೇ ಬಂದ ಮೇಲೆ ಬೆಂಗಳೂರಿನಲ್ಲಿ ಉಳಿಯುವ ದರ್ದೇನು ಅಂತ ಕೇಳುವವರಿದ್ದಾರೆ. 2023ರ ಮಾರ್ಚ್ 12ರಂದು ಹೈವೇ ಉದ್ಘಾಟನೆಯಾದಾಗ ಮೈಸೂರಿನಿಂದ ಬೆಂಗಳೂರು ಒಂದೂವರೆ ಗಂಟೆಯೊಳಗೆ ಅಂತ ಡಂಗುರ ಹೊಡೆದದ್ದು ಎಲ್ಲರಿಗೂ ಗೊತ್ತು. ಅದು ಕಾರಿನವರ ಲೆಕ್ಕ. ಬಸ್ಸಿನವನ ಲೆಕ್ಕ ಬೇರೆ. ಕಳಲೆಯಿಂದ ನಂಜನಗೂಡಿಗೊಂದು ಬಸ್ಸು, ಅಲ್ಲಿಂದ ಮೈಸೂರಿಗೊಂದು, ಮೈಸೂರಿನಿಂದ ಬೆಂಗಳೂರಿಗೊಂದು. ಚಿಕ್ಕಪೇಟೆ, ಮಾಮೂಲ್‌ಪೇಟೆಯ ಹೋಲ್‌ಸೇಲ್ ಅಂಗಡಿಗಳು ಬಾಗಿಲು ತೆಗೆದು ದೀಪ ಹಚ್ಚಿ ಮಾತಿಗೆ ಸಿಗುವ ಹೊತ್ತಿಗೆ ಹನ್ನೊಂದು. ಸರಕು ಆರಿಸಿ, ಚೌಕಾಸಿ ಮಾಡಿ, ಗಂಟು ಕಟ್ಟಿಸಿ, ಪಾರ್ಸಲ್ ಆಫೀಸಿಗೆ ಹಾಕುವಷ್ಟರಲ್ಲಿ ಸಂಜೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕ್ ಸಾಮಾನು ಇನ್ನೂ ಬಾಕಿ. ಒಂದು ರಾತ್ರಿ ಉಳಿಯಲೇಬೇಕು.

ಇನ್ನೊಂದು ಮಾತೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಧಾರಣ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಮೊದಲು ಗಂಡಸೊಬ್ಬನೇ ಹೋಗಿ ಬರುತ್ತಿದ್ದ ಕೆಲಸಕ್ಕೆ ಈಗ ಮನೆಯವರೂ ಹೊರಡುತ್ತಾರೆ. ಮದುವೆ ಸೀರೆ ಇದ್ದರಂತೂ ಅತ್ತೆ, ನಾದಿನಿ ಎಲ್ಲ. ಒಬ್ಬನೇ ಆದರೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೂ ಕಣ್ಣು ಮುಚ್ಚಬಹುದು. ಹೆಣ್ಣುಮಕ್ಕಳು ಜೊತೆಗಿದ್ದರೆ ರೂಮು ಅನ್ನುವುದು ಆಟದ ಮಾತಲ್ಲ.

ನಮ್ಮ ಕಡೆ ಹೋಟೆಲ್ ಅಂದರೆ ಇಡ್ಲಿ, ಕಾಫಿ. ಮಲಗುವ ಜಾಗಕ್ಕೆ ಲಾಡ್ಜ್ ಅಂತಲೇ ಹೆಸರು. ಅದಕ್ಕೂ ಹಿಂದೆ ಛತ್ರ. ಬೆಂಗಳೂರು ರೈಲ್ವೆ ಸ್ಟೇಷನ್ನಿನ ಎದುರಿನ ಗುಬ್ಬಿ ತೋಟದಪ್ಪನವರ ಧರ್ಮಛತ್ರ ಹುಟ್ಟಿದ್ದೇ ಊರಿಂದ ಬಂದ ಪ್ರಯಾಣಿಕರಿಗೂ ಓದಲು ಬಂದ ಹುಡುಗರಿಗೂ ಒಂದು ಸೂರಿರಲಿ ಅಂತ. ಧರ್ಮಾಂಬುಧಿ ಕೆರೆ ಬತ್ತಿ ಅದರ ಅಂಗಳದಲ್ಲಿ ಬಸ್‌ಸ್ಟ್ಯಾಂಡ್ ಬಂತು. ಸುತ್ತ ಸಿನಿಮಾ ಥಿಯೇಟರುಗಳು ಸಾಲಾಗಿ ನಿಂತವು, ಸೆಕೆಂಡ್ ಶೋ ಮುಗಿಸಿದವರಿಗೆ ಲಾಡ್ಜುಗಳೂ ಬಂದವು. ಮೆಜೆಸ್ಟಿಕ್ ಎಂಬ ಹೆಸರು ಕೊಟ್ಟ ಥಿಯೇಟರು ಈಗಿಲ್ಲ, ಕಪಾಲಿ ಇಲ್ಲ, ಸಾಗರ್ ಇಲ್ಲ. ಸಿನಿಮಾ ಹೋಯಿತು, ಲಾಡ್ಜು ಉಳಿಯಿತು. ಲಾಡ್ಜಿನ ಕೆಳಗೆ ಬಾರು.

ಈಗ ಬೆಂಗಳೂರಿನ ರಾತ್ರಿ ಅಂದರೆ ಮೆಜೆಸ್ಟಿಕ್ ಒಂದೇ ಅಲ್ಲ. ಎಂ.ಜಿ. ರೋಡು, ಬ್ರಿಗೇಡ್ ರೋಡು, 2018ರಲ್ಲಿ ಕಲ್ಲು ಹಾಸಿ ಹೊಸದು ಮಾಡಿದ ಚರ್ಚ್ ಸ್ಟ್ರೀಟು, ಇವು ಒಂದು ಕಡೆ. ಇಂದಿರಾನಗರದ ನೂರಡಿ ರಸ್ತೆ, ಕೋರಮಂಗಲ ಇನ್ನೊಂದು ಕಡೆ. ಊರಿನ ಹುಡುಗ ಕಂಪನಿ ಕೆಲಸಕ್ಕೆ ಸೇರಿದ್ದರೆ ಅಪ್ಪನನ್ನು ಒಂದು ಸಲವಾದರೂ ಚರ್ಚ್ ಸ್ಟ್ರೀಟಿಗೆ ಕರೆದೊಯ್ದು ತೋರಿಸದೆ ಬಿಡುವುದಿಲ್ಲ. ನೋಡಲಿ, ತಪ್ಪೇನಿಲ್ಲ. 2024ರ ಆಗಸ್ಟ್ ಸುಮಾರಿಗೆ ಬಂದ ಸರ್ಕಾರದ ಆದೇಶದ ಮೇರೆಗೆ ಬೆಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ ಹೋಟೆಲು, ಬಾರುಗಳು ರಾತ್ರಿ ಒಂದು ಗಂಟೆಯವರೆಗೆ ತೆರೆದಿರಬಹುದು. ವ್ಯಾಪಾರ ಬೆಳೆಯಲಿ, ನಾಲ್ಕು ಜನಕ್ಕೆ ಕೆಲಸ ಸಿಗಲಿ ಅನ್ನುವುದು ಅದರ ಹಿಂದಿನ ವಾದ. ಅಂಗಡಿ ಇಟ್ಟವರಿಗೆ ಇದು ಒಪ್ಪುವ ಮಾತೇ. ಆದರೆ ಒಂದು ಗಂಟೆಗೆ ಬಾಗಿಲು ಹಾಕಿದರೆ ಗಿರಾಕಿ ಬೀದಿ ಬಿಡುವುದು ಒಂದೂವರೆ ಎರಡಕ್ಕೆ. ಅದೇ ಬೀದಿಯ ಮೊದಲ ಮಹಡಿಯಲ್ಲಿ ಮಲಗಿದವನು ಬೆಳಿಗ್ಗೆ ಆರಕ್ಕೆ ಎದ್ದು ಸರಕು ನೋಡಬೇಕಲ್ಲ?

ಪರವಾನಗಿಯ ಗುಟ್ಟು

ಇಲ್ಲಿ ಒಂದು ಸಂಗತಿ ಬಸ್ಸಿನಲ್ಲಿ ಹೋಗುವ ಜನಕ್ಕೆ ಗೊತ್ತಿರುವುದು ಕಡಿಮೆ. ಅಬಕಾರಿ ಇಲಾಖೆಯ ಪರವಾನಗಿಗಳಲ್ಲಿ ಜಾತಿಗಳಿವೆ. ಬಾಟಲಿ ಮಾರುವ ಅಂಗಡಿಗೆ ಸಿ.ಎಲ್.-2, ಬಾರ್ ಅಂಡ್ ರೆಸ್ಟೋರೆಂಟಿಗೆ ಸಿ.ಎಲ್.-9, ಲಾಡ್ಜ್ ಇರುವ ಹೋಟೆಲಿಗೆ ಸಿ.ಎಲ್.-7. ಮೊದಲ ಎರಡು ಜಾತಿಯ ಹೊಸ ಲೈಸೆನ್ಸು ಕೊಡುವುದನ್ನು ಸರ್ಕಾರ 1992ರಿಂದ ದಶಕಗಟ್ಟಲೆ ನಿಲ್ಲಿಸಿತ್ತು. ಇದ್ದವರ ಲೈಸೆನ್ಸಿಗೆ ಬಂಗಾರದ ಬೆಲೆ ಬಂತು. ಹೊಸದಾಗಿ ಬಾರು ತೆರೆಯಬೇಕು ಅನ್ನುವವನಿಗೆ ಉಳಿದ ಹೆದ್ದಾರಿ ಸಿ.ಎಲ್.-7 ಒಂದೇ. ಅದಕ್ಕೆ ಶರತ್ತು ಏನು? ಕಟ್ಟಡದಲ್ಲಿ ಇಂತಿಷ್ಟು ರೂಮು ಇರಬೇಕು.

ಅರ್ಥವಾಯಿತಲ್ಲ? ಲಾಡ್ಜ್ ನಡೆಸುವವನು ಗಿರಾಕಿಗೆ ಅನುಕೂಲವಾಗಲಿ ಅಂತ ಬಾರು ಇಟ್ಟದ್ದು ಒಂದು ಬಗೆ. ಬಾರಿನ ಲೈಸೆನ್ಸಿಗೋಸ್ಕರ ಲೆಕ್ಕಕ್ಕೆ ರೂಮು ಕಟ್ಟಿಸಿದ್ದು ಇನ್ನೊಂದು ಬಗೆ. ಹೊರಗಿನಿಂದ ಎರಡಕ್ಕೂ ಒಂದೇ ಬೋರ್ಡು, ಒಂದೇ ಬಣ್ಣದ ದೀಪ. ಒಳಗೆ ಹೋದರೆ ವ್ಯತ್ಯಾಸ. ಮೊದಲನೆಯದರಲ್ಲಿ ರಿಸೆಪ್ಷನ್ ಬೀದಿಗೆ ಕಾಣುವಂತಿರುತ್ತದೆ, ಬಾರಿಗೆ ಬೇರೆ ಬಾಗಿಲಿರುತ್ತದೆ, ಹಾಸಿಗೆ ಬಟ್ಟೆ ದಿನಾ ಬದಲಾಗುತ್ತದೆ. ಎರಡನೆಯದರಲ್ಲಿ ರೂಮಿಗೆ ಹೋಗುವ ದಾರಿಯೇ ಬಾರಿನೊಳಗಿಂದ. ರೂಮು ತುಂಬಿದರೆಷ್ಟು ಬಿಟ್ಟರೆಷ್ಟು, ಕಾಸು ಹುಟ್ಟುವುದು ಕೆಳಗೆ. ಸೊಳ್ಳೆ ಪರದೆ, ಬಿಸಿನೀರು ಕೇಳಿದರೆ ಮುಖ ನೋಡುತ್ತಾರೆ. ಈ ನಿಯಮ ಬೆಂಗಳೂರಿಗೆ ಮಾತ್ರ ಅಲ್ಲ, ರಾಜ್ಯಕ್ಕೆಲ್ಲ. ಮೈಸೂರಾಗಲಿ ನಂಜನಗೂಡಾಗಲಿ, ಲಾಡ್ಜಿನ ಮೆಟ್ಟಿಲು ಹತ್ತುವಾಗ ನೋಡಬೇಕಾದ್ದು ಇದೇ: ಈ ಮನೆಯ ಯಜಮಾನನಿಗೆ ಅನ್ನ ಹಾಕುವುದು ರೂಮೋ, ಬಾರೋ?

ಸದ್ದಿನ ವಿಷಯಕ್ಕೂ ಕಾಯಿದೆ ಇದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಾಣಿಜ್ಯ ಪ್ರದೇಶದಲ್ಲಿ 55 ಡೆಸಿಬಲ್, ವಸತಿ ಪ್ರದೇಶದಲ್ಲಿ 45. ಇಂದಿರಾನಗರದ ನಿವಾಸಿಗಳು ಪಬ್ಬುಗಳ ಗಲಾಟೆ ತಾಳಲಾರದೆ ದೂರು ಕೊಟ್ಟು ಕೊಟ್ಟು ಸುಸ್ತಾದರು. ಸ್ವಂತ ಮನೆಯವರ ಗತಿಯೇ ಹೀಗೆ ಅಂದಮೇಲೆ ಒಂದು ರಾತ್ರಿಯ ಅತಿಥಿಗೆ ಯಾರು ಕಿವಿ ಕೊಡುತ್ತಾರೆ? ಹಾಡಿನ ಸಣ್ಣ ಸ್ವರ ಗೋಡೆಗೆ ತಡೆದು ನಿಲ್ಲುತ್ತದೆ. ‘ಡುಬ್ ಡುಬ್’ ಅನ್ನುವ ದಪ್ಪ ಸದ್ದು ಗೋಡೆ, ನೆಲ, ಮಂಚದ ಕಾಲು ಎಲ್ಲದರಲ್ಲೂ ಹರಿಯುತ್ತದೆ. ಕಿವಿಗೆ ಹತ್ತಿ ಇಟ್ಟರೂ ಎದೆಗೆ ಹೊಡೆಯುತ್ತದೆ. ಅದಕ್ಕೇ ರೂಮು ನೋಡುವುದಾದರೆ ಸಂಜೆ ಐದಕ್ಕೆ ನೋಡಿದರೆ ಉಪಯೋಗವಿಲ್ಲ, ಆಗ ಎಲ್ಲ ಬೀದಿಯೂ ಸಾಧು. ಹಿಂಬದಿಯ ರೂಮು ಕೇಳುವುದು ಜಾಣತನವೇ. ಆದರೆ ಹಿಂದೆ ಜನರೇಟರು, ಅಡುಗೆಮನೆಯ ಹೊಗೆ ಫ್ಯಾನು ಇಲ್ಲ ಅನ್ನುವುದನ್ನು ಕಿಟಕಿ ತೆಗೆದು ನೋಡಿಕೊಂಡೇ ಹೂಂ ಅನ್ನಬೇಕು. ಕಿಟಕಿ ತೆಗೆಯಲು ಬರದಿದ್ದರೆ? ಆ ರೂಮೇ ಬೇಡ. ಯಾಕೆ ಅನ್ನುವುದು ಮುಂದಿದೆ.

ಮೂರು ಬೆಂಕಿ

2018ರ ಜನವರಿ 8ರ ನಸುಕಿನಲ್ಲಿ ಕಲಾಸಿಪಾಳ್ಯದ ಕುಂಬಾರ ಸಂಘದ ಕಟ್ಟಡದ ಬಾರೊಂದಕ್ಕೆ ಬೆಂಕಿ ಬಿತ್ತು. ಒಳಗೇ ಮಲಗಿದ್ದ ಐದು ಜನ ಕೆಲಸಗಾರರು ಸತ್ತರು. ಸರಕಿಗೆ ಹೋಗುವ ಎಲ್ಲರೂ ದಾಟುವ ಜಾಗ ಅದು, ಸಿಟಿ ಮಾರ್ಕೆಟ್ಟಿಗೆ ಕೂಗಳತೆ. 2019ರ ಫೆಬ್ರವರಿ 12ರಂದು ದೆಹಲಿಯ ಕರೋಲ್‌ಬಾಗಿನಲ್ಲಿ, ಅದೂ ಅಂಗಡಿ ಬೀದಿಯೇ, ಹೋಟೆಲೊಂದಕ್ಕೆ ನಸುಕಿನಲ್ಲಿ ಬೆಂಕಿ ಹತ್ತಿ 17 ಮಂದಿ ಹೋದರು. ಗೋಡೆಗೆ ಅಂದಕ್ಕೆ ಬಡಿದಿದ್ದ ಮರದ ಹಲಗೆಗಳೇ ಬೆಂಕಿಗೆ ಸೌದೆಯಾದವು. 2025ರ ಏಪ್ರಿಲ್ 29ರ ರಾತ್ರಿ ಕೊಲ್ಕತ್ತದ ಬಡಾಬಜಾರಿನ ಹೋಟೆಲಿನಲ್ಲಿ 14 ಜನ. ಬಡಾಬಜಾರ್ ಅಂದರೆ ಅಲ್ಲಿಯ ಚಿಕ್ಕಪೇಟೆ. ಆ ಕಟ್ಟಡದ ಮೊದಲ ಮಹಡಿಯಲ್ಲಿ ಡ್ಯಾನ್ಸ್ ಬಾರ್ ಮಾಡುವ ಕೆಲಸ ನಡೆದಿತ್ತು, ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರು ಅಂತ ಆಮೇಲೆ ಹೊರಬಂತು. ಹೆಚ್ಚಿನವರು ಸುಟ್ಟು ಸತ್ತದ್ದಲ್ಲ, ಹೊಗೆಗೆ ಉಸಿರು ಕಟ್ಟಿ ಸತ್ತದ್ದು.

ಕುಡಿಯುವ ಜಾಗ ಹಾಳು ಅಂತ ಉಪದೇಶ ಮಾಡಲು ಈ ಮೂರನ್ನೂ ಒಟ್ಟಿಗೆ ಹೇಳಿದ್ದಲ್ಲ. ಕಾರಣ ಕಟ್ಟಡದಲ್ಲಿದೆ. ಪೇಟೆ ಬೀದಿಯ ಹಳೇ ಕಟ್ಟಡಕ್ಕೆ ಮೆಟ್ಟಿಲು ಒಂದೇ, ಅಗಲ ಮೂರಡಿ. ಕೆಳಗೆ ಅಡುಗೆ ಗ್ಯಾಸು, ಕೌಂಟರಿನ ಹಿಂದೆ ಮದ್ಯದ ದಾಸ್ತಾನು, ಸದ್ದು ಹೊರಗೆ ಹೋಗದಿರಲಿ ಅಂತ ಗೋಡೆಗೆ ಬಡಿದ ಸ್ಪಂಜು, ಬಟ್ಟೆ. ಏ.ಸಿ. ಹಾಕಿದ ಮೇಲೆ ಕಿಟಕಿಗೆ ಪ್ಲೈವುಡ್ಡು. ಹೊಗೆ ಮೇಲಕ್ಕೆ ಏರುವುದು ಅದೇ ಒಂದು ಮೆಟ್ಟಿಲಿನಿಂದ. ಜನ ಇಳಿಯಬೇಕಾದ್ದೂ ಅದರಿಂದಲೇ. ರೂಮು ಎಷ್ಟಿದೆ ಅಂತ ಎಣಿಸುವ ಇಲಾಖೆ ಇದೆ. ಮೆಟ್ಟಿಲ ಮೇಲೆ ಪೇರಿಸಿದ ಬಿಯರ್ ಕ್ರೇಟನ್ನು ರಾತ್ರಿ ಹನ್ನೊಂದಕ್ಕೆ ಬಂದು ಎಣಿಸುವವರು ಯಾರು?

ಹಾಗಾಗಿ ದುಡ್ಡು ಕೊಡುವ ಮುಂಚೆ ಎರಡನೇ ಮೆಟ್ಟಿಲು ಎಲ್ಲಿದೆ ಅಂತ ಕೇಳುವುದು ಸಂಕೋಚದ ಮಾತೇ ಅಲ್ಲ. ‘ಇದೆ ಸಾರ್’ ಅಂದರೆ ಸಾಲದು, ಅದರ ಬೀಗ ತೆಗೆದಿದೆಯೋ ನೋಡಬೇಕು. ಎರಡನೇ ಮೂರನೇ ಮಹಡಿ ಒಳ್ಳೆಯದು: ಬೀದಿಯ ಸದ್ದು ತುಸು ಕಡಿಮೆ, ಏಣಿಗೂ ಎಟುಕುತ್ತದೆ.

ಇನ್ನು ಬಿಲ್ಲಿನ ಮಾತು. ಮೆಜೆಸ್ಟಿಕ್ಕಿನ ಹಳೇ ಲಾಡ್ಜುಗಳಲ್ಲಿ ಅನೇಕವು 24 ಗಂಟೆ ಲೆಕ್ಕದವು: ಬೆಳಿಗ್ಗೆ ಆರಕ್ಕೆ ಹೊಕ್ಕರೆ ಮರುದಿನ ಆರಕ್ಕೆ ಬಿಡಬೇಕು. ಹೊಸ ಬಗೆಯ ಹೋಟೆಲುಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ದಿನ ಮುಗಿಯುತ್ತದೆ. ಬೆಳಿಗ್ಗೆ ಆರಕ್ಕೆ ಬಂದವನಿಗೆ ಅಲ್ಲಿ ಆರೇ ಗಂಟೆಗೆ ಒಂದು ದಿನದ ಬಾಡಿಗೆ ತೀರಿತು! ಮೊಬೈಲಿನಲ್ಲಿ ಅಗ್ಗ ಕಂಡಿತೆಂದು ಬುಕ್ ಮಾಡಿದ ಎಷ್ಟೋ ಜನ ಕೌಂಟರಿನಲ್ಲಿ ಜಗಳ ಆಡುವುದು ಇದಕ್ಕೇ. ತೆರಿಗೆಯೂ ಬದಲಾಗಿದೆ. ದಿನಕ್ಕೆ ಸಾವಿರ ರೂಪಾಯಿವರೆಗಿನ ರೂಮಿಗೆ ಮೊದಲು ಜಿ.ಎಸ್.ಟಿ. ಇರಲಿಲ್ಲ, 2022ರ ಜುಲೈ 18ರಿಂದ ಶೇಕಡ 12 ಬಿತ್ತು, 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮುಗಳಿಗೆ ಶೇಕಡ 5. ಇನ್ನೂ 12 ಹಾಕುವವನಿದ್ದರೆ ಬಿಲ್ ಕೇಳಿ ನೋಡಬೇಕು. ಊಟದ ಬಿಲ್ಲಿಗೆ ತಾನಾಗಿ ಸರ್ವೀಸ್ ಚಾರ್ಜ್ ಸೇರಿಸಕೂಡದು ಅಂತ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ. ಬ್ರಿಗೇಡ್ ರೋಡಿನ ಬಿಲ್ಲಿನಲ್ಲಿ ಆ ಸಾಲು ಕಂಡರೆ ಬೆರಳಿಟ್ಟು ತೋರಿಸಲು ನಾಚಿಕೆ ಬೇಡ.

ಹಾಗಾದರೆ ಉಳಿಯುವುದೆಲ್ಲಿ? ದೀಪ ಇರುವಲ್ಲೇ ಮಲಗಬೇಕು ಅನ್ನುವುದು ಮೆಟ್ರೋ ಇಲ್ಲದ ಕಾಲದ ಮಾತು. ಆಗ ರಾತ್ರಿ ಆಟೋದವನ ಬಾಯಿಗೆ ಬೀಳುವುದಕ್ಕಿಂತ ಥಿಯೇಟರಿನ ಪಕ್ಕದ ಲಾಡ್ಜೇ ವಾಸಿ ಅನ್ನುವುದು ಸರಿಯಾದ ಲೆಕ್ಕವೇ ಆಗಿತ್ತು. ಈಗ ಮೈಸೂರು ಕಡೆಯ ಬಸ್ಸು ಇಳಿಸುವ ಸ್ಯಾಟಲೈಟ್ ಬಸ್‌ಸ್ಟ್ಯಾಂಡಿನ ಬಳಿಯ ದೀಪಾಂಜಲಿನಗರ ಸ್ಟೇಷನ್ನಿನಲ್ಲಿ ನೇರಳೆ ಗಾಡಿ ಹತ್ತಿದರೆ ವಿಜಯನಗರ, ಮೆಜೆಸ್ಟಿಕ್, ಎಂ.ಜಿ. ರೋಡು, ಇಂದಿರಾನಗರ ಎಲ್ಲ ಒಂದೇ ದಾರಿ, ಗಾಡಿ ಬದಲಿಸುವ ತಾಪತ್ರಯವಿಲ್ಲ. ಚಿಕ್ಕಪೇಟೆಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು ಹಸಿರು ಗಾಡಿಯಲ್ಲಿ ಒಂದೇ ಸ್ಟಾಪು. ವಿಜಯನಗರದಲ್ಲೋ, ಹಸಿರು ದಾರಿಯ ಜಯನಗರ, ಮಲ್ಲೇಶ್ವರದಲ್ಲೋ ಸಂಸಾರವಂದಿಗರ ಬೀದಿಯಲ್ಲಿ ರೂಮು ಹಿಡಿದು, ಸಂಜೆ ಚರ್ಚ್ ಸ್ಟ್ರೀಟು ಸುತ್ತಿ, ಐಸ್‌ಕ್ರೀಂ ತಿಂದು ಹತ್ತೂವರೆಯೊಳಗೆ ಗಾಡಿ ಹತ್ತುವುದು ಮನೆಮಂದಿ ಜೊತೆಗಿದ್ದವರಿಗೆ ಸರಿಯಾದ ದಾರಿ. ಹನ್ನೊಂದರ ಆಸುಪಾಸಿಗೆ ಗಾಡಿಗಳು ನಿಲ್ಲುತ್ತ ಬರುತ್ತವೆ, ಇದು ನೆನಪಿರಲಿ. ರೈಲಿನಲ್ಲಿ ಹೋಗುವವರು ಸಿಟಿ ಸ್ಟೇಷನ್ನಿನ ವಿಶ್ರಾಂತಿ ಕೊಠಡಿಯನ್ನು ಟಿಕೆಟ್ಟಿನ ಪಿ.ಎನ್.ಆರ್. ನಂಬರಿನ ಮೇಲೆ ಮೊದಲೇ ಕಾದಿರಿಸಬಹುದು.

ಡಿಸೆಂಬರ್ 31ರ ರಾತ್ರಿ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು. 2016ರ ಆ ರಾತ್ರಿ ಎಂ.ಜಿ. ರೋಡು, ಬ್ರಿಗೇಡ್ ರೋಡಿನ ನೂಕುನುಗ್ಗಲಿನಲ್ಲಿ ಹೆಣ್ಣುಮಕ್ಕಳು ಅನುಭವಿಸಿದ ಕಿರುಕುಳ ದೇಶಕ್ಕೆಲ್ಲ ಸುದ್ದಿಯಾಯಿತು, ಸಾವಿರಕ್ಕೂ ಮೇಲೆ ಪೊಲೀಸರಿದ್ದೂ. 2024ರ ಡಿಸೆಂಬರ್ 31ರಂದು ಎಂ.ಜಿ. ರೋಡ್ ಸ್ಟೇಷನ್ನನ್ನೇ ರಾತ್ರಿ ಹನ್ನೊಂದರ ನಂತರ ಮುಚ್ಚಿದ್ದರು. ಸರಕಿಗೆ ಹೋಗುವವರು ಆ ದಿನ ಬಿಟ್ಟು ಜನವರಿ ಎರಡಕ್ಕೆ ಹೋದರೆ ಚಿಕ್ಕಪೇಟೆಯೇನೂ ಓಡಿಹೋಗುವುದಿಲ್ಲ. ಹೋಲ್‌ಸೇಲಿನವರೂ ಅವತ್ತು ಚೌಕಾಸಿಗೆ ಸ್ವಲ್ಪ ಬಗ್ಗುತ್ತಾರೆ.