ಹೊಸ ಕಾರು, ಹಳೆಯ ಮ್ಯಾಪ್: ದ್ರಾಕ್ಷಿ ತೋಟದಲ್ಲಿ ಬಾಣ ಓಡುವುದೇಕೆ?

ತುಮಕೂರಿನಿಂದ ಮಂಡಿಕಲ್‌ಗೆ ಹೊರಟಿದ್ದೀರಿ ಎಂದುಕೊಳ್ಳಿ. ಕಾರು ಹೊಸದು, ಡ್ಯಾಶ್‌ಬೋರ್ಡಿನಲ್ಲಿ ಹತ್ತಿಂಚಿನ ಪರದೆ, ಅದರೊಳಗೆ ಕಂಪನಿಯವರೇ ಕೊಟ್ಟ ನ್ಯಾವಿಗೇಶನ್. ದಾಬಸ್‌ಪೇಟೆಯ ಹತ್ತಿರ ಹೊಸ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಹಿಡಿದು, ದೊಡ್ಡಬಳ್ಳಾಪುರದ ಹೊರಗಿನಿಂದ ಬಳಸಿ ದೇವನಹಳ್ಳಿ ಕಡೆಗೆ ನೀಟಾಗಿ ಹೋಗುತ್ತಿದ್ದೀರಿ. ಆದರೆ ಪರದೆಯ ಮೇಲೆ ನಿಮ್ಮ ಕಾರಿನ ಬಾಣ ರಸ್ತೆಯೇ ಇಲ್ಲದ ಬಯಲಿನಲ್ಲಿ, ಯಾರದೋ ದ್ರಾಕ್ಷಿ ತೋಟದ ನಡುವೆ ಓಡುತ್ತಿದೆ. ಒಳಗಿನ ಹೆಂಗಸಿನ ಧ್ವನಿ ಬಿಡದೆ ಹೇಳುತ್ತಿದೆ: ಸಾಧ್ಯವಾದಲ್ಲಿ ಯೂ ಟರ್ನ್ ತೆಗೆದುಕೊಳ್ಳಿ.

ಕಾರು ಕೆಟ್ಟಿಲ್ಲ. ಜಿಪಿಎಸ್ ಕೂಡ ಕೆಟ್ಟಿಲ್ಲ. ದಾಬಸ್‌ಪೇಟೆಯಿಂದ ಹೊಸಕೋಟೆವರೆಗಿನ ಆ ರಸ್ತೆಯಲ್ಲಿ ವಾಹನಗಳು ಓಡಾಡಲು ಶುರುವಾದದ್ದು 2023-24ರ ಸುಮಾರಿಗೆ. ಕಾರಿನೊಳಗಿನ ಮ್ಯಾಪ್ ಅದಕ್ಕಿಂತ ಹಿಂದಿನದು, ಅಷ್ಟೇ.

ಈ ವಿಷಯದಲ್ಲಿ ಬಹಳ ಜನರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಕಾರಿನ ಮ್ಯಾಪ್ ಸೆಟಲೈಟ್‌ನಿಂದ ನೇರವಾಗಿ ಬರುತ್ತದೆ, ಮೇಲಿನಿಂದ ಅದಕ್ಕೆ ಎಲ್ಲಾ ರಸ್ತೆಗಳೂ ಕಾಣುತ್ತವೆ, ಹಾಗಾಗಿ ಅಪ್‌ಡೇಟ್ ಅನ್ನುವುದು ಸರ್ವೀಸ್ ಸೆಂಟರಿನವರ ದುಡ್ಡಿನ ದಾರಿ ಎಂದು. ದುಡ್ಡಿನ ವಿಷಯ ಆಮೇಲೆ ನೋಡೋಣ. ಮೊದಲಿನ ಮಾತು ಮಾತ್ರ ಪೂರ್ತಿ ತಪ್ಪು.

ಸೆಟಲೈಟ್‌ಗೆ ನಿಮ್ಮ ರಸ್ತೆ ಗೊತ್ತಿಲ್ಲ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುತ್ತಿರುತ್ತವೆ. ಅವು ಮಾಡುವ ಕೆಲಸ ಒಂದೇ: ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು ಎಂದು ರೇಡಿಯೊ ಸಂಕೇತದಲ್ಲಿ ಹೇಳುತ್ತಲೇ ಇರುವುದು. ನಿಮ್ಮ ಕಾರು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಕೇಳಿಸಿಕೊಂಡು, ಒಂದೊಂದೂ ಎಷ್ಟು ತಡವಾಗಿ ಬಂತು ಎಂದು ಲೆಕ್ಕ ಹಾಕಿ, ತಾನು ಎಲ್ಲಿದ್ದೇನೆ ಎಂದು ಕಂಡುಕೊಳ್ಳುತ್ತದೆ. ಆಕಾಶವಾಣಿ ಕೇಳುವ ಹಾಗೆ ಇದು. ನೀವು ಯಾವ ಊರಿನಲ್ಲಿ ಕೂತು ಕೇಳುತ್ತಿದ್ದೀರಿ ಎಂದು ಆಕಾಶವಾಣಿಗೆ ಗೊತ್ತಾಗುವುದಿಲ್ಲ, ಜಿಪಿಎಸ್ ಉಪಗ್ರಹಕ್ಕೂ ಗೊತ್ತಾಗುವುದಿಲ್ಲ. ಇದಕ್ಕೆ ಇಂಟರ್ನೆಟ್ ಬೇಡ, ಸಿಮ್ ಬೇಡ. ನಮ್ಮದೇ ಆದ ನಾವಿಕ್ ವ್ಯವಸ್ಥೆಯ ಕೆಲಸವೂ ಹೀಗೆಯೇ. ಅದರ ಇಸ್ರೊ ನ್ಯಾವಿಗೇಶನ್ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ.

ಹೀಗೆ ಸಿಗುವುದು ಸಂಖ್ಯೆಗಳು ಮಾತ್ರ, ಮುಖ್ಯವಾಗಿ ಅಕ್ಷಾಂಶ ಮತ್ತು ರೇಖಾಂಶ. ಆ ಜಾಗದಲ್ಲಿ ರಸ್ತೆ ಇದೆಯೇ, ಕೆರೆ ಇದೆಯೇ, ಒನ್ ವೇ ಇದೆಯೇ ಎನ್ನುವುದನ್ನೆಲ್ಲ ಕಾರು ತನ್ನೊಳಗಿನ ಮ್ಯಾಪ್ ಫೈಲಿನಲ್ಲಿ ಹುಡುಕಿಕೊಳ್ಳಬೇಕು. ಸ್ಥಳ ಈ ಕ್ಷಣದ್ದು, ರಸ್ತೆ ಮಾತ್ರ ಆ ಫೈಲ್ ತಯಾರಾದ ದಿನದ್ದು.

ಶೋರೂಮಿಗೆ ಬರುವ ಮೊದಲೇ ಹಳೆಯದು

ಮ್ಯಾಪ್ ತಯಾರಿಸುವವರು ಸಾಮಾನ್ಯವಾಗಿ ಕಾರು ಕಂಪನಿಯವರಲ್ಲ. ಮ್ಯಾಪ್‌ಮೈಇಂಡಿಯಾ, ಹಿಯರ್, ಟಾಮ್‌ಟಾಮ್‌ನಂಥ ಸಂಸ್ಥೆಗಳು ಸರ್ವೆ ವಾಹನ ಓಡಿಸಿ, ಉಪಗ್ರಹ ಚಿತ್ರ ನೋಡಿ, ಸರ್ಕಾರದ ಮಾಹಿತಿ ಸೇರಿಸಿ ಮ್ಯಾಪ್ ಮಾಡುತ್ತವೆ. ಒಂದು ದಿನ ಇನ್ನು ಸಾಕು ಎಂದು ಆ ಮಾಹಿತಿಗೆ ಬೀಗ ಹಾಕಿ ಕಾರು ಕಂಪನಿಗೆ ಕೊಡುತ್ತವೆ. ಅವರು ಅದನ್ನು ತಮ್ಮ ಪರದೆಗೆ ಹೊಂದಿಸಿ, ಪರೀಕ್ಷಿಸಿ, ಕಾರ್ಖಾನೆಯಲ್ಲಿ ಕಾರಿಗೆ ತುಂಬುತ್ತಾರೆ. ಕಾರು ಅಲ್ಲಿಂದ ಯಾರ್ಡಿಗೆ, ಯಾರ್ಡಿನಿಂದ ಶೋರೂಮಿಗೆ. ನೀವು ತೆಂಗಿನಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವ ಹೊತ್ತಿಗೆ ಮ್ಯಾಪಿಗೆ ಎಷ್ಟೋ ತಿಂಗಳು ವಯಸ್ಸಾಗಿರುತ್ತದೆ. ಕಾರು ಈ ವರ್ಷದ ಮಾಡೆಲ್ ಆಗಿದ್ದು ಮ್ಯಾಪ್ ಹಿಂದಿನ ವರ್ಷದ್ದಾಗಿರುವುದು ಅಪರೂಪವೇನಲ್ಲ.

ಬರೀ ಹೊಸ ರಸ್ತೆ ಬಂದರೆ ಮಾತ್ರ ಮ್ಯಾಪ್ ಹಳೆಯದಾಗುತ್ತದೆ ಎಂದುಕೊಳ್ಳಬೇಡಿ. ಹೆಸರು, ನಂಬರು ಬದಲಾದರೂ ಸಾಕು. ಇದಕ್ಕೆ ಚಿಕ್ಕಬಳ್ಳಾಪುರ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಪೇರೇಸಂದ್ರ, ಬಾಗೇಪಲ್ಲಿ ದಾಟಿ ಹೈದರಾಬಾದಿಗೆ ಹೋಗುವ ಹೆದ್ದಾರಿಯನ್ನು ಹಳಬರು ಇಂದಿಗೂ ಎನ್‌ಎಚ್ 7 ಅನ್ನುತ್ತಾರೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ನಂಬರು ಕೊಟ್ಟಾಗ ಅದು 44 ಆಯಿತು. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಹೋಗುವ ದಾರಿ ಮೊದಲು 234 ಆಗಿತ್ತು, ಈಗ 69. ಜಿಲ್ಲೆ ಹುಟ್ಟಿದ್ದೇ 2007ರಲ್ಲಿ. ಅದಕ್ಕೂ ಮೊದಲು ಇದೆಲ್ಲ ಕೋಲಾರ ಜಿಲ್ಲೆ, ಹಾಗಾಗಿ ಹಳೆಯ ವಿಳಾಸಗಳಲ್ಲಿ ಮಂಡಿಕಲ್ ಕೋಲಾರ ಜಿಲ್ಲೆಯ ಊರು.

ಇದಕ್ಕಿಂತ ಗಮ್ಮತ್ತಿನದು ವಿಜಯಪುರ. ಶಿಡ್ಲಘಟ್ಟದವರಿಗೆ ವಿಜಯಪುರ ಅಂದರೆ ದೇವನಹಳ್ಳಿಗೆ ಹೋಗುವ ದಾರಿಯಲ್ಲಿ ಸಿಗುವ ಪಕ್ಕದ ಪೇಟೆ. 2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಅದಕ್ಕೆ ಮೊದಲಿನ ಮ್ಯಾಪಿನಲ್ಲಿ ಗೋಳಗುಮ್ಮಟದ ಊರು ಬಿಜಾಪುರವಾಗಿಯೇ ಇತ್ತು. ಈಗಿನ ಮ್ಯಾಪಿನಲ್ಲಿ ವಿಜಯಪುರ ಎಂದು ಹಾಕಿದರೆ ಎರಡೂ ಸಾಲಾಗಿ ನಿಲ್ಲುತ್ತವೆ, ನಡುವಿನ ದೂರ 500 ಕಿಲೋಮೀಟರಿಗೂ ಹೆಚ್ಚು. ಇಲ್ಲಿ ಅಪ್‌ಡೇಟ್ ಮಾಡಿದ ಮೇಲೆ ಗೊಂದಲ ಹೆಚ್ಚಾಗುತ್ತದೆ! ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ತಾಲ್ಲೂಕು, ಜಿಲ್ಲೆ ನೋಡಿಯೇ ಒತ್ತಬೇಕು.

ಇನ್ನು ಸ್ಪೆಲಿಂಗ್ ಕಾಟ. ಕಾರಿನ ಹುಡುಕಾಟ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಚಿಕ್ಕಬಳ್ಳಾಪುರವನ್ನು ಒಂದು ಕೆ ಹಾಕಿಯೂ ಬರೆಯುತ್ತಾರೆ, ಎರಡು ಕೆ ಹಾಕಿಯೂ ಬರೆಯುತ್ತಾರೆ, ಸಿ ಮತ್ತು ಕೆ ಜೋಡಿಸಿಯೂ ಬರೆಯುತ್ತಾರೆ. ಶಿಡ್ಲಘಟ್ಟ ಕೆಲವು ಕಡೆ ಸಿಡ್ಲಘಟ್ಟ. ಮಂಡಿಕಲ್ ಕೆಲವರಿಗೆ ಮಂಡಿಕಲ್ಲು. ಆಂಧ್ರದ ಗಡಿ ಹತ್ತಿರವಾದಂತೆ ಹಳ್ಳಿಗಳು ಪಲ್ಲಿಗಳಾಗುತ್ತವೆ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಹಳೆಯ ನ್ಯಾವಿಗೇಶನ್ ಅಂಥ ಊರೇ ಇಲ್ಲ ಎಂದುಬಿಡುತ್ತದೆ. ಊರು ಸಿಗದಿದ್ದರೆ ಪೇರೇಸಂದ್ರದಂಥ ಹೆದ್ದಾರಿ ಬದಿಯ ದೊಡ್ಡ ಊರನ್ನು ಹಾಕಿಕೊಂಡು, ಅಲ್ಲಿಂದ ಮುಂದೆ ಟೀ ಅಂಗಡಿಯಲ್ಲಿ ಕೇಳುವುದು ಈಗಲೂ ಕೆಲಸ ಮಾಡುವ ವಿಧಾನ.

ನಗುವ ವಿಷಯವಲ್ಲದ್ದು

ದಾರಿ ತಪ್ಪಿದರೆ ಅರ್ಧ ಗಂಟೆ, ಅರ್ಧ ಲೀಟರ್ ಪೆಟ್ರೋಲ್ ಹೋಗುತ್ತದೆ. ಆದರೆ 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ರಾಮಗಂಗಾ ನದಿಯ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ಸೇತುವೆಯ ಒಂದು ಭಾಗ ಹಿಂದಿನ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು, ಮ್ಯಾಪಿನಲ್ಲಿ ಮಾತ್ರ ದಾರಿ ಹಾಗೇ ಇತ್ತು ಎಂಬ ದೂರು ಬಂತು. ದಾರಿಗೆ ಸರಿಯಾದ ಅಡ್ಡಗಟ್ಟು ಇರಲಿಲ್ಲವೆಂದು ಲೋಕೋಪಯೋಗಿ ಎಂಜಿನಿಯರುಗಳ ಮೇಲೂ ಕೇಸಾಯಿತು. ಅದೇ ವರ್ಷದ ಜೂನ್‌ನಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಪಳ್ಳಂಚಿಯಲ್ಲಿ, ಬೆಳಗಿನ ಕತ್ತಲಲ್ಲಿ ಮ್ಯಾಪ್ ನೋಡಿಕೊಂಡು ಕರ್ನಾಟಕದ ಆಸ್ಪತ್ರೆಗೆ ಹೊರಟಿದ್ದ ಇಬ್ಬರು, ತಡೆಗೋಡೆ ಇಲ್ಲದ ಸೇತುವೆಯ ಮೇಲೆ ಹರಿಯುತ್ತಿದ್ದ ನೀರಿಗೆ ಕಾರು ಇಳಿಸಿದರು. ಕಾರು ಕೊಚ್ಚಿಹೋಯಿತು. ಅವರು ಮರ ಹಿಡಿದುಕೊಂಡು ಉಳಿದುಕೊಂಡರು.

ಈ ಎರಡೂ ಪ್ರಕರಣಗಳಲ್ಲಿ ಬಳಸಿದ್ದು ಫೋನಿನ ಮ್ಯಾಪ್, ಅಂದರೆ ಇಂಟರ್ನೆಟ್ ಮೂಲಕ ಹೊಸ ಮಾಹಿತಿ ಪಡೆಯುತ್ತಲೇ ಇರುವಂಥದ್ದು. ಅದೇ ಹೀಗಾದರೆ, ಎರಡು ವರ್ಷದಿಂದ ಯಾರೂ ಮುಟ್ಟದ ಕಾರಿನ ಮ್ಯಾಪ್ ಎಷ್ಟು ನಂಬಬಹುದು, ನೀವೇ ಹೇಳಿ. 2021ರ ನವೆಂಬರ್ ಮಳೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳು ತುಂಬಿ ಕೋಡಿ ಬಿದ್ದು ರಸ್ತೆಗಳ ಮೇಲೆ ನೀರು ಹರಿದಿತ್ತು. ಬಯಲುಸೀಮೆಯ ಕೆರೆ ಎಷ್ಟೋ ವರ್ಷಕ್ಕೊಮ್ಮೆ ಕೋಡಿ ಬೀಳುತ್ತದೆ. ಅದು ಯಾವ ಮ್ಯಾಪಿನ ಯಾವ ವರ್ಷನ್‌ನಲ್ಲೂ ಬರುವುದಿಲ್ಲ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ, ಪರದೆ ಏನೇ ಹೇಳಲಿ, ಗಾಡಿ ನಿಲ್ಲಿಸಿ.

ಅಪ್‌ಡೇಟ್ ಮಾಡುವುದು ಹೇಗೆ?

ಮೊದಲು ವಯಸ್ಸು ನೋಡಿ. ನ್ಯಾವಿಗೇಶನ್‌ನ ಸೆಟ್ಟಿಂಗ್ಸ್ ಒಳಗೆ ಮ್ಯಾಪ್ ವರ್ಷನ್ ಅಥವಾ ಸಿಸ್ಟಂ ಇನ್ಫರ್ಮೇಶನ್ ಎಂದು ಇರುತ್ತದೆ. ಅಲ್ಲಿ ವರ್ಷ, ಕೆಲವೊಮ್ಮೆ ಕ್ಯೂ2 ಎಂಬಂತೆ ಯಾವ ತ್ರೈಮಾಸಿಕ ಎಂಬುದೂ ಇರುತ್ತದೆ. ಕಾರು ಬಿಡಿಸಿಕೊಳ್ಳುವ ದಿನವೇ ಇದರ ಫೋಟೊ ತೆಗೆದುಕೊಂಡು, ಇದಕ್ಕಿಂತ ಹೊಸದು ಬಂದಿದೆಯಾ, ಎಷ್ಟು ವರ್ಷ ಉಚಿತ, ಆಮೇಲೆ ಎಷ್ಟು ದುಡ್ಡು ಎಂದು ಶೋರೂಮಿನಲ್ಲೇ ಕೇಳಿ. ಸೀಟ್ ಕವರಿನ ಬಣ್ಣಕ್ಕೆ ಕೊಡುವ ಸಮಯದಲ್ಲಿ ಕಾಲು ಭಾಗ ಇದಕ್ಕೆ ಕೊಟ್ಟರೂ ಸಾಕು. ಕೆಲವು ಕಂಪನಿಗಳು ಹೊಸ ಕಾರಿಗೆ ಇತ್ತೀಚಿನ ಮ್ಯಾಪ್ ಒಂದು ಸಲ ಉಚಿತವಾಗಿ ಕೊಡುತ್ತವೆ, ಆದರೆ ನಿಗದಿತ ದಿನಗಳೊಳಗೆ ಮಾತ್ರ. ಯುರೋಪಿನಲ್ಲಿ ಕಾರು ಕೊಳ್ಳುವ ನಮ್ಮ ಕನ್ನಡದವರಿಗೂ ಈ ಮಾತು ಅನ್ವಯಿಸುತ್ತದೆ. ಆ ಗಡುವು ಇರುವುದೇ ಗೊತ್ತಿಲ್ಲದೆ ಕಳೆದುಕೊಳ್ಳುವವರು ಹೆಚ್ಚು.

ಅಪ್‌ಡೇಟ್ ಬರುವ ದಾರಿ ಮೂರು. ಕಾರಿನೊಳಗೇ ಸಿಮ್ ಇರುವ ಕನೆಕ್ಟೆಡ್ ಕಾರುಗಳಲ್ಲಿ ಗಾಳಿಯಲ್ಲೇ ಬರುತ್ತದೆ. ಪರದೆಯಲ್ಲಿ ಕೇಳಿದಾಗ ಒಪ್ಪಿಕೊಂಡರೆ ಆಯಿತು, ಆದರೆ ಉಚಿತ ಅವಧಿ ಮುಗಿದು ಚಂದಾ ನಿಂತರೆ ಮ್ಯಾಪ್ ಕೂಡ ಅಲ್ಲಿಗೇ ನಿಲ್ಲಬಹುದು. ಎರಡನೆಯದು, ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ಹಾಕುವುದು. ಪೆನ್ ಡ್ರೈವ್ ಯಾವ ಫಾರ್ಮ್ಯಾಟ್‌ನಲ್ಲಿರಬೇಕು ಎಂದು ಅಲ್ಲೇ ಬರೆದಿರುತ್ತದೆ, ಅದನ್ನು ಓದಿ. ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎಷ್ಟೋ ಜನರ ಅಪ್‌ಡೇಟ್ ಕೈಕೊಡುವುದು ಇಷ್ಟಕ್ಕೇ. ಮೂರನೆಯದು ಎಸ್‌ಡಿ ಕಾರ್ಡ್. ಇದನ್ನು ಖಾಲಿ ಕಾರ್ಡ್ ಎಂದುಕೊಂಡು ತೆಗೆದು ಹಾಡು ತುಂಬಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಅನೇಕ ಕಾರುಗಳಲ್ಲಿ ಆ ಕಾರ್ಡ್ ಆ ಕಾರಿಗೇ ಜೋಡಿಸಿದ್ದು, ಬೇರೆ ಕಾರ್ಡಿಗೆ ನಕಲು ಮಾಡಿದರೆ ಓಡುವುದಿಲ್ಲ.

ಪೆನ್ ಡ್ರೈವಿನಿಂದ ಮಾಡುವಾಗ ಅರ್ಧ ಗಂಟೆಯಿಂದ ಕೆಲವು ಗಂಟೆಯವರೆಗೂ ಹಿಡಿಯಬಹುದು, ನಡುವೆ ಕರೆಂಟ್ ಹೋಗಬಾರದು. ಬ್ಯಾಟರಿ ಇಳಿಯದಿರಲಿ ಎಂದು ಎಂಜಿನ್ ಓಡಿಸಿಡಲು ಹಲವು ಕೈಪಿಡಿಗಳು ಹೇಳುತ್ತವೆ. ಹಾಗೆ ಮಾಡುವುದಾದರೆ ಕಾರು ಬಯಲಿನಲ್ಲಿರಲಿ. ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಎಂಜಿನ್ ಓಡುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡುತ್ತಾ ಕೂತವರಿಗೆ ಎಚ್ಚರ ತಪ್ಪುವವರೆಗೂ ಗೊತ್ತಾಗದೆ ಹೋಗಬಹುದು.

ವಾಟ್ಸಾಪಿನಲ್ಲಿ ಬರುವ ಉಚಿತ ಮ್ಯಾಪ್ ಲಿಂಕುಗಳನ್ನು ದಯವಿಟ್ಟು ಒತ್ತಬೇಡಿ, ಮುಂದಕ್ಕೂ ಕಳಿಸಬೇಡಿ. ಕಾರಿನ ಮ್ಯಾಪ್ ಫೋನಿಗೆ ಎಪಿಕೆ ಫೈಲಾಗಿ ಬರುವುದಿಲ್ಲ. ಟ್ರಾಫಿಕ್ ಚಲನ್ ಹೆಸರಿನಲ್ಲಿ ಎಪಿಕೆ ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವ ವಂಚನೆ ಈಗಾಗಲೇ ದೇಶದಲ್ಲೆಲ್ಲ ನಡೆದಿದೆ. ಕಾರಿನ ಹೆಸರಿನಲ್ಲಿ ಏನೇ ಫೈಲ್ ಬಂದರೂ ಅದೇ ಅನುಮಾನ ಇಟ್ಟುಕೊಳ್ಳಿ.

ಹಾಗಾದರೆ ಫೋನೇ ಸಾಕಲ್ಲ?

ಬಹುಮಟ್ಟಿಗೆ ಸಾಕು. ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಇದ್ದರೆ ಫೋನಿನ ಮ್ಯಾಪನ್ನೇ ದೊಡ್ಡ ಪರದೆಯಲ್ಲಿ ನೋಡಬಹುದು, ಹೊಸ ರಸ್ತೆಗಳು ಅದರಲ್ಲಿ ಬೇಗ ಬರುತ್ತವೆ. ದುಬಾರಿ ಅಪ್‌ಡೇಟ್‌ಗೆ ದುಡ್ಡು ಕೊಡಬೇಕೇ ಎಂದು ಯಾರಾದರೂ ಕೇಳಿದರೆ, ಉಚಿತ ಇರುವಷ್ಟು ದಿನ ತಪ್ಪದೆ ಮಾಡಿಸಿ, ಆಮೇಲೆ ಫೋನ್ ಬಳಸಿ ಎನ್ನುವುದು ನಮ್ಮ ಅಭಿಪ್ರಾಯ. ಆದರೆ ನೆಟ್‌ವರ್ಕ್ ಇಲ್ಲದ ಗುಡ್ಡದ ಸಂದಿಯಲ್ಲಿ ಫೋನಿನ ಮ್ಯಾಪ್ ಮಂಕಾಗಿ ಕೂತಾಗ, ಕಾರಿನ ಮ್ಯಾಪ್ ಎಂದಿನಂತೆ ಓಡುತ್ತದೆ. ಚಕ್ರ ಎಷ್ಟು ತಿರುಗಿತು ಎಂಬ ಲೆಕ್ಕವೂ ಅದರ ಬಳಿ ಇರುವುದರಿಂದ ಸುರಂಗದಲ್ಲೂ ದಾರಿ ಬಿಡುವುದಿಲ್ಲ. ಫೋನ್ ನಂಬುವವರು ಹೊರಡುವ ಮೊದಲು ಮನೆಯ ವೈಫೈಯಲ್ಲಿ ಆ ಪ್ರದೇಶದ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಅದಕ್ಕೂ ಅವಧಿ ಇರುತ್ತದೆ, ಹೋದ ವರ್ಷ ಇಳಿಸಿದ್ದು ಈ ವರ್ಷಕ್ಕೆ ಬರುತ್ತದೆ ಎಂದುಕೊಳ್ಳಬೇಡಿ.

ನಿಮ್ಮ ಹಳ್ಳಿಯ ಹೆಸರು ತಪ್ಪಾಗಿದ್ದರೆ, ಮುಚ್ಚಿದ ದಾರಿ ಇನ್ನೂ ತೆರೆದಂತೆ ಕಾಣುತ್ತಿದ್ದರೆ ಅದನ್ನು ತಿಳಿಸಲೂಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ ಆ ಜಾಗ ಒತ್ತಿ ಬದಲಾವಣೆ ಸೂಚಿಸಬಹುದು, ಮ್ಯಾಪ್‌ಮೈಇಂಡಿಯಾದ ಮ್ಯಾಪಲ್ಸ್ ಆಪ್‌ನಲ್ಲೂ ಆ ಸೌಲಭ್ಯ ಇದೆ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಾದರೆ ಕನ್ನಡದ ಹೆಸರನ್ನು ನೀವೇ ಬರೆಯಬಹುದು. ಆದರೆ ಗೂಗಲ್‌ಗೆ ಹೇಳಿದ್ದು ನಿಮ್ಮ ಕಾರಿನ ಮ್ಯಾಪಿಗೆ ಹೋಗುವುದಿಲ್ಲ. ಕಾರಿನ ಮ್ಯಾಪ್ ಮಾಡಿದ ಸಂಸ್ಥೆ ಯಾವುದು ಎನ್ನುವುದು ಅದೇ ವರ್ಷನ್ ನೋಡಿದ ಪುಟದ ಸುತ್ತಮುತ್ತ ಸಣ್ಣ ಅಕ್ಷರದಲ್ಲಿ ಸಿಗುತ್ತದೆ. ಅವರಿಗೆ ತಿಳಿಸಿದರೂ ಅದು ನಿಮ್ಮ ಡ್ಯಾಶ್‌ಬೋರ್ಡಿಗೆ ತಲುಪುವುದು ಮುಂದಿನ ಅಪ್‌ಡೇಟ್ ಹಾಕಿಸಿದಾಗಲೇ.